ಕರ್ಪೂರದ ಮರಕ್ಕೆ ನಾಚಿಕೆ ಏನೂ ಇಲ್ಲ

ಆ ಫೋಟೋ ನೀವೂ ನೋಡಿರುತ್ತೀರಿ. ಕಾಡಿನ ನೆಲದ ಮೇಲೆ ಅಂಗಾತ ಮಲಗಿ ತೆಗೆದದ್ದು. ಆಕಾಶದ ತುಂಬ ಹಸಿರು ತುಂಡುಗಳು, ನಡುವೆ ತೆಳ್ಳಗಿನ ಬೆಳಕಿನ ಗೆರೆಗಳು. ಬೇಸಿಗೆಯಲ್ಲಿ ಕೆರೆಯಂಗಳ ಬಿರುಕು ಬಿಟ್ಟ ಹಾಗೆ. ಒಂದು ಮರದ ಎಲೆ ಇನ್ನೊಂದಕ್ಕೆ ತಾಗುವುದಿಲ್ಲ. ಇದಕ್ಕೆ ಮರದ ತಲೆಯ ‘ನಾಚಿಕೆ’ ಅಂತ ಹೆಸರು. ಕೆಳಗೆ ಯಾರೋ ಬರೆದಿರುತ್ತಾರೆ: ‘ಮರಗಳು ಒಂದನ್ನೊಂದು ಗೌರವಿಸುತ್ತವೆ, ಮನುಷ್ಯರು ಕಲಿಯಬೇಕು.’ ಇದನ್ನು ಓದಿದಾಗಲೆಲ್ಲ ನನಗೆ ಸುಮ್ನೆ ಇರಲು ಆಗುವುದಿಲ್ಲ.

ಆ ಫೋಟೋಗಳಲ್ಲಿ ತುಂಬಾ ಓಡಾಡುವುದು ಕೌಲಾಲಂಪುರದ ಪಕ್ಕದ ಕೆಪೊಂಗ್‌ನದು. ಅಲ್ಲಿ ಮಲೇಷ್ಯಾದ ಅರಣ್ಯ ಸಂಶೋಧನಾ ಸಂಸ್ಥೆ ಇದೆ. ಮರದ ಹೆಸರು ಕಪೂರ್. ನಮ್ಮ ‘ಕರ್ಪೂರ’ ಎಂಬ ಮಾತೂ ಆ ಕಡೆಯಿಂದಲೇ ಬಂದದ್ದು ಅನ್ನುತ್ತಾರೆ. ಮಲಯ ಭಾಷೆಯಲ್ಲಿ ಕಪೂರ್ ಅಂದರೆ ಸುಣ್ಣವೂ ಹೌದು. ಬೆಳ್ಳಗಿರುತ್ತದಲ್ವಾ, ಅದಕ್ಕೆ.

ಸುಮಾತ್ರಾ, ಮಲಯ, ಬೋರ್ನಿಯೋದ ಮಳೆಕಾಡುಗಳಲ್ಲಿ ಇದು 60 ಮೀಟರ್‌ಗೂ ಮೇಲೆ ಹೋಗುತ್ತದೆ, ಹೆಚ್ಚುಕಮ್ಮಿ 20 ಮಹಡಿ. ಆದರೆ ನೂರಾರು ವರ್ಷ ಯಾರೂ ಇದರ ತಲೆ ನೋಡಲಿಲ್ಲ. ಎಲ್ಲರ ಕಣ್ಣೂ ಹೊಟ್ಟೆಯ ಮೇಲೆ. ಕಾಂಡದೊಳಗಿನ ಸೀಳುಗಳಲ್ಲಿ ಬಿಳಿ ಹರಳು ಕಟ್ಟಿರುತ್ತದೆ. ಎಲ್ಲ ಮರದಲ್ಲೂ ಅಲ್ಲ. ಇದೆಯೋ ಇಲ್ಲವೋ ಗೊತ್ತಾಗಬೇಕಾದರೆ ಮರ ಕಡಿದು ಸೀಳಬೇಕು. ಮಲಯದ ಜೋಹೋರ್‌ನ ಜಾಕೂನ್ ಬುಡಕಟ್ಟಿನ ಜನ ಹರಳು ಹುಡುಕಲು ಹೊರಟರೆ ಮನೆಮಾತು ಬಿಟ್ಟು ಬೇರೆಯದೇ ಒಂದು ‘ಕರ್ಪೂರದ ಭಾಷೆ’ ಆಡುತ್ತಿದ್ದರು. ಮಾಮೂಲಿ ಮಾತಾಡಿದರೆ ಕರ್ಪೂರ ಸಿಗುವುದಿಲ್ಲ ಎಂಬ ನಂಬಿಕೆ. ನಗಬೇಡಿ. ಮರಕ್ಕೆ ಗೌರವ ಗೊತ್ತು ಅನ್ನುವ ನಾವೂ ಅದೇ ಸಾಲಿನವರು.

ಸುಮಾತ್ರಾದ ಬಾರೂಸ್ ಬಂದರು ಆಗ ಈ ಹರಳಿನ ಪೇಟೆಯಾಗಿತ್ತು. ಅಲ್ಲಿ 1088ರ ಒಂದು ತಮಿಳು ಶಾಸನ ಸಿಕ್ಕಿದೆ, ‘ಐನೂರ್ವರು’ ಎಂಬ ವರ್ತಕರ ಸಂಘದ್ದು. ಆ ಐನೂರ್ವರ ಮೂಲ ನಮ್ಮ ಐಹೊಳೆ! ಈಗ ಅಂಗಡಿಯಲ್ಲಿ ಸಿಗುವ ಉರಿಸುವ ಕರ್ಪೂರ ಮಾತ್ರ ಈ ಮರದ್ದಲ್ಲ. ಅದು ದಾಲ್ಚಿನ್ನಿಯ ಕುಟುಂಬದ ಬೇರೊಂದು ಮರದ್ದು, ಜಾಸ್ತಿ ಪಾಲು ಟರ್ಪೆಂಟೈನ್‌ನಿಂದ ಕಾರ್ಖಾನೆಯಲ್ಲಿ ಮಾಡಿದ್ದು. ಕಪೂರ್ ಮರದ ಹರಳು ಬೋರ್ನಿಯಾಲ್. ಉರಿಸುವ ಕರ್ಪೂರಕ್ಕಿಂತ ಅಣುವಿನಲ್ಲಿ ಎರಡೇ ಎರಡು ಹೈಡ್ರೋಜನ್ ಜಾಸ್ತಿ.

ಇರಲಿ, ಈಗ ತಲೆಯ ಕಡೆ ನೋಡೋಣ. 1955ರಲ್ಲಿ ಆಸ್ಟ್ರೇಲಿಯಾದ ಜೇಕಬ್ಸ್ ಎಂಬುವರು ನೀಲಗಿರಿ ಮರಗಳಲ್ಲಿ ಇಂಥದೇ ಸಂದು ಕಂಡು, ಗಾಳಿಗೆ ಕೊಂಬೆಗಳು ಉಜ್ಜಿಕೊಂಡು ಚಿಗುರು ಹಾಳಾಗುತ್ತದೆ ಅಂದರು. ಆದರೆ 1977ರಲ್ಲಿ ಮಲೇಷ್ಯಾದಲ್ಲಿ ಕಪೂರ್ ಮರಗಳನ್ನು ಪರೀಕ್ಷಿಸಿದಾಗ ಉಜ್ಜಿದ ಗುರುತು ಸಿಗಲಿಲ್ಲ. ಚಿಗುರು ಪೆಟ್ಟು ತಿಂದು ನಿಂತಿರಲಿಲ್ಲ, ತಾನಾಗಿಯೇ ನಿಂತಿತ್ತು. ಕಾರಣ ಬೆಳಕು ಇರಬೇಕು ಎಂಬ ಮಾತು ಬಂದದ್ದು ಹಾಗೆ.

ಎಲೆ ಕೆಂಪು ಬೆಳಕನ್ನು ನುಂಗುತ್ತದೆ. ಅದರಾಚೆಯ, ನಮ್ಮ ಕಣ್ಣಿಗೆ ಕಂಡೂ ಕಾಣದ ಕಡುಗೆಂಪು ಅದಕ್ಕೆ ಬೇಡ, ಹೊರಗೆ ಬಿಡುತ್ತದೆ. ಅಂದರೆ ಎಲೆಯ ಹತ್ತಿರ ಸುಳಿದಾಡುವುದು ಎಂಜಲು ಬೆಳಕು. ಕಬ್ಬಿನ ಸಿಪ್ಪೆ ಬಿದ್ದಿದ್ದರೆ ಇಲ್ಲಿ ಯಾರೋ ಜಗಿದು ಉಗಿದಿದ್ದಾರೆ ಅಂತ ಗೊತ್ತಾಗುವುದಿಲ್ಲವೇ? ಗಿಡಕ್ಕೂ ಹಾಗೇ ಗೊತ್ತಾಗುತ್ತದೆ. ಅದರೊಳಗೆ ಫೈಟೋಕ್ರೋಮ್ ಎಂಬ ಪ್ರೋಟೀನ್ ಇದೆ. ತಕ್ಕಡಿ ಅಂದುಕೊಳ್ಳಿ. ಕೆಂಪು ಬಿದ್ದರೆ ಒಂದು ಕಡೆ ವಾಲುತ್ತದೆ, ಕಡುಗೆಂಪು ಬಿದ್ದರೆ ಇನ್ನೊಂದು ಕಡೆ. ಕಣ್ಣು ಮುಚ್ಚಿ ಕೂತಿದ್ದರೂ ಬಾಗಿಲಿಗೆ ಯಾರೋ ಅಡ್ಡ ಬಂದರೆ ರೆಪ್ಪೆಯ ಮೇಲೆ ತಿಳಿಯುತ್ತದಲ್ಲ, ಹಾಗೆ ಪಕ್ಕದ ಮರ ಮುಟ್ಟುವ ಮೊದಲೇ ಸುದ್ದಿ ಸಿಕ್ಕಿರುತ್ತದೆ. ಆ ಕಡೆ ಬೆಳೆದು ಲಾಭವಿಲ್ಲ. ಇದರಲ್ಲಿ ಗೌರವ ಎಲ್ಲಿಂದ ಬಂತು? ಗಾಳಿಯೋ ಬೆಳಕೋ ಎಂಬ ವಾದ ಇನ್ನೂ ಮುಗಿದಿಲ್ಲ. ಕಪೂರ್ ಮಟ್ಟಿಗೆ ನಾನು ಬೆಳಕಿನ ಕಡೆಯವನು.

ನೆಲಕ್ಕೆ ಬಿದ್ದ ಮೇಲೆ ಈ ಮರ ಬಡಗಿಗಳ ತಾಳ್ಮೆ ಪರೀಕ್ಷಿಸುತ್ತದೆ. ಕೆಂಗಂದು ಬಣ್ಣ, ಗಟ್ಟಿ, ಕುಯ್ದರೆ ಕರ್ಪೂರದ ವಾಸನೆ. ಆದರೆ ಒಳಗೆ ಸಿಲಿಕಾ ಇರುವುದರಿಂದ ಗರಗಸದ ಹಲ್ಲು ಬೇಗ ಮೊಂಡಾಗುತ್ತದೆ. ಹಸಿ ಹಲಗೆಗೆ ಕಬ್ಬಿಣದ ಮೊಳೆ ಹೊಡೆದರೆ ಸುತ್ತಲೂ ಶಾಯಿ ಚೆಲ್ಲಿದಂತೆ ನೀಲಿಗಪ್ಪು ಕಲೆ.

ಇದರ ಕುಟುಂಬದ ಹೆಸರು ಡಿಪ್ಟೆರೋಕಾರ್ಪೇಸಿ, ಎರಡು ರೆಕ್ಕೆಯ ಹಣ್ಣಿನದು ಎಂಬ ಅರ್ಥ. ಕಪೂರ್ ಹಣ್ಣಿಗೆ ಮಾತ್ರ ಐದು ರೆಕ್ಕೆ. ಹೂವಿನ ಹಸಿರು ಪುಷ್ಪಪತ್ರಗಳೇ ಉದ್ದವಾಗಿ ರೆಕ್ಕೆಯಾಗುತ್ತವೆ. ಕೆಲವು ವರ್ಷ ಏನೂ ಇಲ್ಲ, ಆಮೇಲೆ ಒಂದು ವರ್ಷ ಕಾಡಿಗೆ ಕಾಡೇ ಹೂ ಬಿಟ್ಟು ರಾಶಿ ರಾಶಿ ಕಾಯಿ ಉದುರಿಸುತ್ತದೆ. ಹಂದಿ, ಇಲಿಗಳು ತಿಂದು ಮುಗಿಸಲು ಆಗದಷ್ಟು. ಬೀಜಕ್ಕೆ ಕಾಯುವ ಗುಣವೇ ಇಲ್ಲ. ಕೆಲವೇ ದಿನಗಳಲ್ಲಿ ಮೊಳೆಯಬೇಕು, ಇಲ್ಲದಿದ್ದರೆ ಒಣಗಿ ಸಾಯುತ್ತದೆ. ಕಾಯುವುದೆಲ್ಲ ಸಸಿಯ ಪಾಲಿಗೆ. ಯಾವುದಾದರೂ ದೊಡ್ಡ ಮರ ಉರುಳಿ ಮೇಲೆ ಜಾಗ ತೆರೆಯುವವರೆಗೆ ವರ್ಷಗಟ್ಟಲೆ ಅದು ಮೊಣಕಾಲೆತ್ತರಕ್ಕೇ ನಿಂತಿರುತ್ತದೆ, ಮೇಲಿನವರ ಎಂಜಲು ಬೆಳಕಿನಲ್ಲಿ.