1950ರಲ್ಲಿ ಬ್ರೌನ್ಸ್‌ಗೆ ಲಾಟರಿ ಹೊಡೆದಿತ್ತೇ?

ಪ್ರಶ್ನೆ: ಅಮೆರಿಕನ್ ಫುಟ್‌ಬಾಲ್‌ನ ಎನ್‌ಎಫ್‌ಎಲ್ ಲೀಗ್‌ಗೆ 1950ರಲ್ಲಿ ಕಾಲಿಟ್ಟ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಅದೇ ವರ್ಷ ಚಾಂಪಿಯನ್ ಆಯಿತಂತೆ. ಹೊಸ ತಂಡಕ್ಕೆ ಅದು ಹೇಗೆ ಸಾಧ್ಯವಾಯಿತು? ಬರೀ ಅದೃಷ್ಟವೇ?

ಉತ್ತರ: ಹೊಸ ತಂಡ ಅನ್ನುವುದೇ ಅರ್ಧ ಸುಳ್ಳು. ಎನ್‌ಎಫ್‌ಎಲ್‌ಗೆ ಪೈಪೋಟಿಯಾಗಿ 1946ರಲ್ಲಿ ಎಎಎಫ್‌ಸಿ ಎಂಬ ಲೀಗ್ ಆಟ ಶುರು ಮಾಡಿತ್ತು. ಅದು ಬದುಕಿದ್ದು ನಾಲ್ಕೇ ಸೀಸನ್. ನಾಲ್ಕರಲ್ಲೂ ಗೆದ್ದದ್ದು ಬ್ರೌನ್ಸ್. 1948ರಲ್ಲಂತೂ ಒಂದು ಪಂದ್ಯವನ್ನೂ ಸೋಲಲಿಲ್ಲ. ಗೆಲ್ಲುವವರು ಯಾರೆಂದು ಮೊದಲೇ ಗೊತ್ತಿದ್ದರೆ ದುಡ್ಡು ಕೊಟ್ಟು ನೋಡುವವರು ಎಷ್ಟು ದಿನ ಬಂದಾರು? 1949ರ ಡಿಸೆಂಬರ್‌ನಲ್ಲಿ ಎರಡು ಲೀಗ್‌ಗಳ ನಡುವೆ ರಾಜಿಯಾಗಿ, ಬ್ರೌನ್ಸ್ ಸೇರಿ ಮೂರು ತಂಡಗಳು ಎನ್‌ಎಫ್‌ಎಲ್ ಸೇರಿದವು.

ಎನ್‌ಎಫ್‌ಎಲ್‌ನ ಹಳಬರಿಗೆ ಆ ನಾಲ್ಕು ಪ್ರಶಸ್ತಿ ಲೆಕ್ಕಕ್ಕೇ ಇರಲಿಲ್ಲ. ಲೀಗ್‌ನ ಮುಖ್ಯಸ್ಥ, ಕಮಿಷನರ್ ಬರ್ಟ್ ಬೆಲ್ ಬ್ರೌನ್ಸ್‌ನ ಮೊದಲ ಪಂದ್ಯವನ್ನು ಹಿಂದಿನ ಎರಡು ವರ್ಷದ ಚಾಂಪಿಯನ್ ಫಿಲಡೆಲ್ಫಿಯಾ ಈಗಲ್ಸ್ ಮೇಲೇ ಇಟ್ಟರು, ಅದೂ ಅವರೂರಿನಲ್ಲೇ. ಸೆಪ್ಟೆಂಬರ್ 16ರ ರಾತ್ರಿ, 71 ಸಾವಿರಕ್ಕೂ ಹೆಚ್ಚು ಜನರೆದುರು ಬ್ರೌನ್ಸ್ 35–10ರಿಂದ ಗೆದ್ದಿತು. ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ದಾಳಿ ನಡೆಸುವ ಆಟಗಾರ, ಆಟೋ ಗ್ರಹಾಂ ಅವರ ಪಾಸ್‌ಗಳಿಂದಲೇ (ಎಸೆತಗಳಿಂದಲೇ) ತಂಡ 346 ಗಜ ಮುಂದೆ ಸಾಗಿತು. ಇವರಿಗೆ ಚೆಂಡು ಎಸೆಯುವುದೊಂದು ಬಿಟ್ಟು ಬೇರೇನೂ ಬಾರದು ಎಂಬ ಮೂದಲಿಕೆಯೂ ಬಂತು. ಡಿಸೆಂಬರ್‌ನಲ್ಲಿ ಅದೇ ಈಗಲ್ಸ್ ಮತ್ತೆ ಎದುರಾದಾಗ ಬ್ರೌನ್ಸ್ 13–7ರಿಂದ ಗೆದ್ದಿತು, ಅಧಿಕೃತ ಲೆಕ್ಕದಲ್ಲಿ ಒಂದೇ ಒಂದು ಪಾಸ್ ಇಲ್ಲದೆ. ಹಟ ಅಂದರೆ ಇದು.

ಇದರ ಹಿಂದಿದ್ದವರು ಕೋಚ್ ಪಾಲ್ ಬ್ರೌನ್. ತಂಡದ ಹೆಸರೂ ಅವರದೇ. ಹೈಸ್ಕೂಲು, ಕಾಲೇಜು ತಂಡಗಳನ್ನು ಪಳಗಿಸಿ ಬಂದ ಈ ಮನುಷ್ಯ ವೃತ್ತಿಪರ ಆಟಗಾರರನ್ನೂ ತರಗತಿಯಲ್ಲಿ ಕೂರಿಸಿ ನೋಟ್ಸ್ ಬರೆಸಿದರು, ಪರೀಕ್ಷೆ ಕೊಟ್ಟರು, ಪಂದ್ಯದ ಫಿಲ್ಮ್ ಹಾಕಿ ತಪ್ಪು ತೋರಿಸಿದರು. ಇನ್ನೊಂದು ಮುಖ್ಯ ಸಂಗತಿ: ಹನ್ನೆರಡು ವರ್ಷ ಕಪ್ಪು ಆಟಗಾರರಿಗೆ ಎನ್‌ಎಫ್‌ಎಲ್ ಬಾಗಿಲು ಮುಚ್ಚಿತ್ತು. ಅದು ತೆರೆದ 1946ರಲ್ಲೇ ಬ್ರೌನ್ ತಮ್ಮ ತಂಡಕ್ಕೆ ಮೇರಿಯನ್ ಮಾಟ್ಲಿ, ಬಿಲ್ ವಿಲ್ಲಿಸ್ ಇಬ್ಬರನ್ನು ತಂದಿದ್ದರು. 1950ರಲ್ಲಿ ಚೆಂಡು ಹಿಡಿದು ಓಡಿ ಇಡೀ ಎನ್‌ಎಫ್‌ಎಲ್‌ನಲ್ಲೇ ಅತಿ ಹೆಚ್ಚು ಗಜ, 810, ಗಳಿಸಿದವರು ಇದೇ ಮಾಟ್ಲಿ.

ಹಾಗಂತ ದಾರಿ ಸಲೀಸಾಗಿರಲಿಲ್ಲ. ಲೀಗ್ ಹಂತದಲ್ಲಿ ಸೋತ ಎರಡೂ ಪಂದ್ಯ ನ್ಯೂಯಾರ್ಕ್ ಜೈಂಟ್ಸ್ ಕೈಲೇ. ಅಂಕಪಟ್ಟಿಯಲ್ಲಿ ಅದೇ ಜೈಂಟ್ಸ್ ಜೊತೆ ಸಮಬಲವಾಗಿ, ಪ್ಲೇಆಫ್ ಎಂಬ ನಿರ್ಣಾಯಕ ಪಂದ್ಯದಲ್ಲಿ 8–3ರಿಂದ ಹೇಗೋ ದಾಟಿದರು.

ಡಿಸೆಂಬರ್ 24ರಂದು ಕ್ಲೀವ್‌ಲ್ಯಾಂಡ್‌ನಲ್ಲೇ ಫೈನಲ್. ಎದುರಾಳಿ ಲಾಸ್ ಏಂಜಲೀಸ್ ರ್‍ಯಾಮ್ಸ್. 1945ರ ಚಾಂಪಿಯನ್ ಆದ ಮೇಲೆ ಇದೇ ಊರು ಬಿಟ್ಟು ಗಂಟುಮೂಟೆ ಕಟ್ಟಿ ಹೋದ ತಂಡ ಅದು. ಹೆಪ್ಪುಗಟ್ಟಿದ ನೆಲದಲ್ಲಿ ರ್‍ಯಾಮ್ಸ್ ತಮ್ಮ ಮೊದಲ ದಾಳಿಯಲ್ಲೇ 82 ಗಜದ ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದರೆ ಸಿಗುವ ಆರಂಕ) ಹೊಡೆದರು. ಬ್ರೌನ್ಸ್‌ಗೂ ನಾಲ್ಕು ಟಚ್‌ಡೌನ್ ಬಂದವು. ಪ್ರತಿ ಟಚ್‌ಡೌನ್ ಆದ ಮೇಲೆ ಚೆಂಡು ಒದ್ದು ಒಂದು ಹೆಚ್ಚುವರಿ ಅಂಕ ಗಳಿಸಬಹುದು. ಆದರೆ ಒಂದರ ಹೆಚ್ಚುವರಿ ಅಂಕಕ್ಕೆ ಚೆಂಡನ್ನು ಹಿಂದಕ್ಕೆ ಕೊಡುವಾಗಲೇ ಎಡವಟ್ಟಾಗಿ ಒದೆಯಲು ಆಗಲೇ ಇಲ್ಲ. ಹಾಗಾಗಿ 28–27, ರ್‍ಯಾಮ್ಸ್ ಒಂದಂಕ ಮುಂದೆ. ಕೊನೆಗೆ 28 ಸೆಕೆಂಡ್ ಉಳಿದಿದ್ದಾಗ ಲೂ ಗ್ರೋಜಾ 16 ಗಜದಿಂದ ಒದ್ದ ಚೆಂಡು ಕಂಬಗಳ ನಡುವೆ ಹಾದು ಮೂರಂಕ ತಂದಿತು: 30–28.

ಅದೃಷ್ಟ ಎಲ್ಲಿದೆ ಎಂದು ಕೇಳಿದರೆ, ಆ ಕೊನೆಯ ಒಂದೆರಡು ನಿಮಿಷದಲ್ಲಿ ಹುಡುಕಬಹುದು. ಗ್ರಹಾಂ ಅದಕ್ಕೆ ಸ್ವಲ್ಪ ಮುಂಚೆ ಚೆಂಡು ಕೈಬಿಟ್ಟು ರ್‍ಯಾಮ್ಸ್‌ಗೆ ಒಪ್ಪಿಸಿದ್ದರು. ರ್‍ಯಾಮ್ಸ್ ಅದನ್ನು ಉಳಿಸಿಕೊಂಡಿದ್ದರೆ ನೀವು ಈ ಪ್ರಶ್ನೆ ಕೇಳುತ್ತಿರಲಿಲ್ಲ.