ಆರ್‌4 ಎಂಬ ಅನಾಥ ಹೆಸರು: ಕೈಯಾಟಿಕೆಯ ಕ್ಯಾಸೆಟ್ಟು ನಡೆದು ಬಂದ ದಾರಿ

ಕಳೆದ ಮಳೆಗಾಲದಲ್ಲಿ ಅಕ್ಕನ ಮಗ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಬಂದಾಗ ಚೀಲದಲ್ಲಿ ಒಂದು ಸ್ಟೀಲ್ ಡಬ್ಬಿ ಇತ್ತು. ಮುಚ್ಚಳ ತೆಗೆದರೆ ಅಕ್ಕಿ. ಅಕ್ಕಿಯೊಳಗೆ ಕೈ ಹಾಕಿ ಅವನು ಹೊರತೆಗೆದದ್ದು ನಿಂಟೆಂಡೊ ಕಂಪನಿಯ ಡಿಎಸ್ ಲೈಟ್, ಅಂಗೈಯಲ್ಲಿ ಹಿಡಿದು ವಿಡಿಯೊ ಗೇಮ್ ಆಡುವ ಯಂತ್ರ. ಗಲ್ಫ್‌ನಲ್ಲಿದ್ದ ನೆಂಟರೊಬ್ಬರು ಎಂದೋ ತಂದುಕೊಟ್ಟಿದ್ದು. ಮಲೆನಾಡಿನ ಥಂಡಿಗೆ ಯಂತ್ರ ಹಾಳಾಗದಿರಲಿ ಎಂದು ಅಕ್ಕ ಅದನ್ನು ಅಕ್ಕಿಯಲ್ಲಿ ಹೂತಿಟ್ಟಿದ್ದಳು. ಯಂತ್ರ ಉಳಿದಿತ್ತು. ಅದರ ಬೆನ್ನಿಗೆ ಸಿಕ್ಕಿಸಿಯೇ ಇಟ್ಟಿದ್ದ ಕ್ಯಾಸೆಟ್ಟಿನ ಹದಿನೇಳು ಚಿನ್ನದ ಬಣ್ಣದ ಪಟ್ಟಿಗಳಲ್ಲಿ ಮೂರರ ಅಂಚಿಗೆ ಮಾತ್ರ ಹಸಿರು ಕಿಲುಬು ಹತ್ತಿತ್ತು. ಮೇಲಿನ ಚೀಟಿಯಲ್ಲಿ ‘ಆರ್‌4’ ಎಂದಿತ್ತು.

“ಮಾವ, ಇದರಲ್ಲಿ ಚನ್ನೆಮಣೆ ಆಟ ಬರೆಯಬೇಕು. ಇದೇ ಕಾರ್ಡು ಸಾಕೋ, ಹೊಸದು ತರಿಸಬೇಕೋ?” ಎಂದು ಕೇಳಿದ. ಒಂದು ಸಾಲಿನ ಪ್ರಶ್ನೆ. ಉತ್ತರಕ್ಕೆ ಇಪ್ಪತ್ತು ವರ್ಷ ಹಿಂದೆ ಹೋಗಬೇಕಾಯಿತು.

ಡಿಎಸ್ ಮಾರುಕಟ್ಟೆಗೆ ಬಂದದ್ದು 2004ರ ಕೊನೆಗೆ. ಎರಡು ಪರದೆ, ಕೆಳಗಿನದು ಮುಟ್ಟಿದರೆ ಸ್ಪಂದಿಸುವಂಥದ್ದು. ಎರಡು ಬಾಗಿಲು ಕೂಡ: ಮೇಲಿನದು ಡಿಎಸ್‌ನದೇ ಕ್ಯಾಸೆಟ್ಟಿಗೆ, ಕೆಳಗಿನದು ಹಳೆಯ ಗೇಮ್‌ಬಾಯ್ ಅಡ್ವಾನ್ಸ್ ಎಂಬ ಅದೇ ಕಂಪನಿಯ ಯಂತ್ರದ ಕ್ಯಾಸೆಟ್ಟಿಗೆ. ಮೇಲಿನ ಬಾಗಿಲಲ್ಲಿ ಯಂತ್ರ ಮತ್ತು ಕ್ಯಾಸೆಟ್ಟು ಗೂಢಲಿಪಿಯಲ್ಲಿ ಮಾತಾಡಿಕೊಳ್ಳುತ್ತಿದ್ದವು. ಕಂಪನಿಯ ಒಪ್ಪಿಗೆಯಿಲ್ಲದ ಪ್ರೋಗ್ರಾಮಿಗೆ ಅಲ್ಲಿ ಪ್ರವೇಶವಿರಲಿಲ್ಲ. ಕೆಳಗಿನದಕ್ಕೆ ಅಂಥ ಕಾವಲು ಇರಲಿಲ್ಲ. ಮುಂಬಾಗಿಲಿಗೆ ಬೀಗ ಜಡಿದು ಹಿತ್ತಿಲ ಬಾಗಿಲನ್ನು ಮರೆತಂತೆ.

ತಮ್ಮದೇ ಪ್ರೋಗ್ರಾಮು ಬರೆದು ಓಡಿಸಬೇಕೆಂಬ ಹವ್ಯಾಸಿಗಳು ಹಿತ್ತಿಲಿಗೇ ಹೋದರು. ಹೀಗೆ ಬಿಡುವಿನಲ್ಲಿ ಬರೆದು ಹಂಚುವ ಪ್ರೋಗ್ರಾಮುಗಳಿಗೆ ಹೋಮ್‌ಬ್ರೂ ಎಂಬ ಹೆಸರಿದೆ. 2005ರ ಹೊತ್ತಿಗೆ ಬಂದ ‘ಪಾಸ್‌ಮಿ’ ಎಂಬ ಸಾಧನ ಮೇಲಿನ ಬಾಗಿಲಲ್ಲಿ ಕೂರುತ್ತಿತ್ತು. ಅದರ ಬೆನ್ನಿಗೆ ಒಂದು ಅಸಲಿ ಆಟದ ಕ್ಯಾಸೆಟ್ಟು. ಗುಟ್ಟಿನ ಮಾತನ್ನೆಲ್ಲ ಅಸಲಿ ಆಡುತ್ತಿತ್ತು. ಪಾಸ್‌ಮಿ ಅದನ್ನು ದಾಟಿಸುತ್ತ, ಪ್ರೋಗ್ರಾಮು ಎಲ್ಲಿಂದ ಶುರುವಾಗಬೇಕು ಎಂಬ ವಿಳಾಸವನ್ನು ಮಾತ್ರ ಬದಲಿಸಿ ಕೆಳಗಿನ ಬಾಗಿಲಿಗೆ ಕೈ ತೋರಿಸುತ್ತಿತ್ತು. ಕರೆಯೋಲೆ ಇದ್ದವರ ಹಿಂದೆ ನಿಂತು ಮದುವೆ ಊಟಕ್ಕೆ ಕೂತ ಹಾಗೆ.

ಪಾಸ್‌ಮಿಯನ್ನು ಯಾವಾಗಲೂ ಹೊತ್ತು ತಿರುಗಲು ಬೇಸರವಾದವರು ‘ಫ್ಲಾಶ್‌ಮಿ’ ಹಾಕಿಕೊಂಡರು. ಬ್ಯಾಟರಿಯ ಗೂಡಿನೊಳಗೆ ಎಸ್‌ಎಲ್1 ಎಂಬ ಎರಡು ಪುಟ್ಟ ಲೋಹದ ಚುಕ್ಕೆಗಳಿವೆ. ಸುತ್ತಿದ ಅಲ್ಯೂಮಿನಿಯಂ ಹಾಳೆಯ ತುದಿಯಿಂದ ಅವೆರಡನ್ನೂ ಒಟ್ಟಿಗೆ ಒತ್ತಿ ಹಿಡಿದು, ಯಂತ್ರದ ಮೂಲ ತಂತ್ರಾಂಶವನ್ನೇ ಬದಲಿಸಬೇಕು. ನಡುವೆ ವಿದ್ಯುತ್ ಕಡಿತಗೊಂಡರೆ ಯಂತ್ರ ಸತ್ತು ಬರೀ ಇಟ್ಟಿಗೆ. ಆಷಾಢದಲ್ಲಿ ಹೊಸನಗರದಲ್ಲೋ ಆಗುಂಬೆಯಲ್ಲೋ ಕೂತು ಈ ಕೆಲಸಕ್ಕೆ ಕೈ ಹಾಕುವವರು ಮೊದಲು ಬ್ಯಾಟರಿ ತುಂಬಿದೆಯೇ ಎಂದು ನೋಡಿಕೊಳ್ಳಬೇಕು.

2006ರಲ್ಲಿ ಮೇಲಿನ ಬಾಗಿಲ ಗೂಢಲಿಪಿಯ ಕೀಲಿಯೇ ಹೊರಬಿತ್ತು. ಇನ್ನು ಅಸಲಿ ಕ್ಯಾಸೆಟ್ಟಿನ ಹಂಗಿಲ್ಲ, ಕೆಳಗಿನ ಬಾಗಿಲ ಹಂಗೂ ಇಲ್ಲ. ಒಳಗೆ ಮೈಕ್ರೋ ಎಸ್‌ಡಿ ಕಾರ್ಡು ತೂರಿಸುವ, ಮೇಲಿನ ಬಾಗಿಲಿಗೇ ಹೊಂದುವ ಕಾರ್ಡುಗಳು ಸಾಲುಗಟ್ಟಿ ಬಂದವು. ಅವುಗಳಲ್ಲಿ ಮನೆಮಾತಾದದ್ದು ಆರ್‌4. ಮೊದಲ ಆರ್‌4 ಓದುತ್ತಿದ್ದದ್ದು ಎರಡು ಜಿಬಿವರೆಗಿನ ಮೈಕ್ರೋ ಎಸ್‌ಡಿಯನ್ನು ಮಾತ್ರ.

ಜನ ಅದನ್ನು ಕೊಂಡದ್ದು ಹೋಮ್‌ಬ್ರೂಗಾಗಿ ಎಂದರೆ ಆತ್ಮವಂಚನೆ. ಬಹುಪಾಲು ಕದ್ದ ಆಟಗಳಿಗಾಗಿಯೇ. ನಿಂಟೆಂಡೊ ಮತ್ತು 54 ಆಟದ ಕಂಪನಿಗಳು 2008ರ ಜುಲೈನಲ್ಲಿ ಟೋಕಿಯೊದಲ್ಲಿ ದಾವೆ ಹೂಡಿದವು. 2009ರ ಫೆಬ್ರವರಿಯಲ್ಲಿ ಅಲ್ಲಿನ ಜಿಲ್ಲಾ ನ್ಯಾಯಾಲಯ ಮಾರಾಟ ನಿಲ್ಲಿಸಲು ಆದೇಶಿಸಿತು. 2010ರಲ್ಲಿ ಲಂಡನ್ನಿನ ಹೈಕೋರ್ಟಿನಲ್ಲೂ ಮಾರಾಟಗಾರರು ಸೋತರು. ನಮ್ಮಲ್ಲಿ 2012ರ ತಿದ್ದುಪಡಿಯಿಂದ ಹಕ್ಕುಸ್ವಾಮ್ಯ ಕಾಯ್ದೆಗೆ 65ಎ ಕಲಂ ಸೇರಿತು. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ರಕ್ಷಣೆಯನ್ನು ಮುರಿದರೆ ಎರಡು ವರ್ಷದವರೆಗೆ ಸಜೆ, ಜೊತೆಗೆ ದಂಡ. ಅಲ್ಲಿರುವ ‘ಉದ್ದೇಶ’ ಎಂಬ ಪದವನ್ನು ಹುಡುಗ ಎರಡು ಸಲ ಓದಿಸಿಕೊಂಡ.

ಇಷ್ಟರಲ್ಲಿ ಆರ್‌4ನ ಮೂಲ ತಯಾರಕರು ಮರೆಯಾದರು, ಹೆಸರು ಮಾತ್ರ ಬೀದಿಗೆ ಬಿತ್ತು. ಯಾರು ಬೇಕಾದರೂ ಚೀಟಿ ಅಂಟಿಸಿದರು. ಇವತ್ತು ಆರ್‌4 ಎಂದು ಸಿಗುವ ಕಾರ್ಡುಗಳಿಗೂ ಆ ಮೊದಲ ಕಾರ್ಡಿಗೂ ಇರುವ ನಂಟು ಚೀಟಿಯದಷ್ಟೇ. ಇವುಗಳಲ್ಲಿ ಕೆಲವು ತಯಾರಕರು ಒಂದು ನೀಚ ಕೆಲಸ ಮಾಡಿದರು. ಕಾರ್ಡಿನ ಮೆನು ತಂತ್ರಾಂಶದಲ್ಲಿ ಒಂದು ದಿನಾಂಕ ಹುದುಗಿಸಿಟ್ಟರು. ಆ ದಿನ ಕಳೆದ ಮೇಲೆ ಕಾರ್ಡು ಆಟ ತೆರೆಯುವುದಿಲ್ಲ. ಕಾರ್ಡು ಕೆಟ್ಟಿಲ್ಲ, ಯಂತ್ರದ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿದರೆ ಮತ್ತೆ ಜೀವ ಬರುತ್ತದೆ. ಹೊಸದು ಕೊಳ್ಳಲಿ ಎಂಬ ಹಂಚಿಕೆ.

ಇದಕ್ಕೆ ಪೂರ್ತಿ ವಿರುದ್ಧ ದಿಕ್ಕಿನಲ್ಲಿ ನಡೆದದ್ದು ಡಿಎಲ್‌ಡಿಐ ಕಥೆ. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯಲ್ಲಿ ನೆನಪಿಡಬೇಕಾದದ್ದು ಇದೇ. ಮೈಕ್ರೋ ಎಸ್‌ಡಿಯನ್ನು ಓದುವ ಕ್ರಮ ಕಾರ್ಡಿನಿಂದ ಕಾರ್ಡಿಗೆ ಬೇರೆ. ಹೀಗಾಗಿ ಒಂದು ಕಾರ್ಡಿಗೆಂದು ಬರೆದ ಪ್ರೋಗ್ರಾಮು ಇನ್ನೊಂದರಲ್ಲಿ ತನ್ನ ಕಡತಗಳನ್ನೇ ಕಾಣದೆ ಕುರುಡಾಗುತ್ತಿತ್ತು. ಚಿಶ್ಮ್ ಎಂಬ ಅಡ್ಡಹೆಸರಿನ ಹವ್ಯಾಸಿ ಇದಕ್ಕೊಂದು ಸರಳ ಉಪಾಯ ಹುಡುಕಿದ: ಪ್ರೋಗ್ರಾಮಿನೊಳಗೆ ಒಂದು ಖಾಲಿ ಗೂಡು ಬಿಡುವುದು, ಯಾವ ಕಾರ್ಡೋ ಆ ಕಾರ್ಡಿನ ಚಾಲಕ ತುಣುಕನ್ನು ಅಲ್ಲಿ ಕೂರಿಸುವುದು. ಈ ಏರ್ಪಾಡಿನ ಹೆಸರೇ ಡಿಎಲ್‌ಡಿಐ. ಆಮೇಲೆ ಒಳ್ಳೆಯ ಮೆನುಗಳು ಈ ಕೂರಿಸುವ ಕೆಲಸವನ್ನು ತಾವೇ ಮಾಡತೊಡಗಿದವು. ತಯಾರಕ ಅಂಗಡಿ ಮುಚ್ಚಿಕೊಂಡು ಹೋದರೂ ಚಾಲಕ ತುಣುಕು ಉಳಿದಿದ್ದರೆ ಕಾರ್ಡು ಬದುಕುತ್ತದೆ.

ಆದ್ದರಿಂದ ಹೋಮ್‌ಬ್ರೂಗೆ ಕಾರ್ಡು ಆರಿಸುವಾಗ ಚೀಟಿ ನೋಡಬಾರದು, ಪೆಟ್ಟಿಗೆಯ ಬಣ್ಣ ನೋಡಬಾರದು. ಅದರ ಒಳಗುಟ್ಟು ಎಷ್ಟು ಮಂದಿಗೆ ಗೊತ್ತಿದೆ ಎಂದು ವಿಚಾರಿಸಬೇಕು. ಟ್ವೈಲೈಟ್ ಮೆನುವಿನಂಥ ಮುಕ್ತ ತಂತ್ರಾಂಶ ಅದರ ಮೇಲೆ ಓಡುತ್ತದೆಯೇ? ದೊಡ್ಡ ಮೈಕ್ರೋ ಎಸ್‌ಡಿ ಓದುತ್ತದೆಯೇ? ಎರಡು ಜಿಬಿಯದನ್ನು ಈಗ ಹುಡುಕಿ ತರುವುದೇ ಕಷ್ಟ. ಹಳಬರು ಏಸ್‌ಕಾರ್ಡ್ 2ಐ ಎಂಬ ಕಾರ್ಡಿನ ಹೆಸರನ್ನು ಇಂದಿಗೂ ಪ್ರೀತಿಯಿಂದ ಹೇಳುವುದು ಇದಕ್ಕೇ. ಈಚೆಗೆ ಬಂದ ಡಿಎಸ್‌ಪೀಕೋ ಎಂಬ ಕಾರ್ಡಿನಲ್ಲಂತೂ ನಕ್ಷೆಯೇ ಬಹಿರಂಗ. ರಾಸ್ಪ್‌ಬೆರಿ ಪೈಯವರ ಆರ್‌ಪಿ2040 ಚಿಪ್ಪಿನ ಸುತ್ತ ಕಟ್ಟಿದ್ದು, ಬೆಸುಗೆ ಬಲ್ಲವರು ತಾವೇ ಮಾಡಿಕೊಳ್ಳಬಹುದು.

ಯಂತ್ರ ಅದೇ ಕಂಪನಿಯ ಮುಂದಿನ ಪೀಳಿಗೆಯದು, ಅಂದರೆ 2008ರ ಡಿಎಸ್‌ಐ ಅಥವಾ 2011ರ 3ಡಿಎಸ್ ಆಗಿದ್ದರೆ ಕಾರ್ಡಿಗೆ ದುಡ್ಡು ಸುರಿಯುವ ಅಗತ್ಯವೇ ಇಲ್ಲ. ಕಂಪನಿ ಅವುಗಳಲ್ಲಿ ಹಳೆಯ ಕಾರ್ಡುಗಳನ್ನು ತಡೆಯಿತು. ಹವ್ಯಾಸಿಗಳು ಯಂತ್ರದ ಎಸ್‌ಡಿ ಕಾರ್ಡಿನಿಂದಲೇ ಹೋಮ್‌ಬ್ರೂ ತೆರೆಯುವ ದಾರಿ ಕಂಡುಕೊಂಡರು. ನಮ್ಮ ಹುಡುಗನದು ಡಿಎಸ್ ಲೈಟ್. ಅದಕ್ಕೆ ಕಾರ್ಡು ಬೇಕೇ ಬೇಕು.

ಹೊಸದು ತರಿಸಲಿಲ್ಲ. ಪೆನ್ಸಿಲ್ ರಬ್ಬರಿನಿಂದ ಹದಿನೇಳೂ ಪಟ್ಟಿಗಳನ್ನು ಮೆಲ್ಲನೆ ಉಜ್ಜಿ, ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿದೆವು. ಮೂರನೆಯ ಸಲಕ್ಕೆ ಮೆನು ಬಂತು, ಆದರೆ ಏನನ್ನೂ ತೆರೆಯಲಿಲ್ಲ. ಗಡಿಯಾರವನ್ನು 2012ಕ್ಕೆ ತಿರುಗಿಸಿದೊಡನೆ ತೆರೆಯಿತು. ಕಳ್ಳ ಸಿಕ್ಕಿಬಿದ್ದ. ಮೆನುವನ್ನೇ ಬದಲಾಯಿಸಿದೆವು.

ನಿಜವಾದ ಪೇಚು ಶುರುವಾದದ್ದು ಆಮೇಲೆ. ಡಿಎಸ್‌ನ ಪರದೆ 256 ಚುಕ್ಕೆ ಅಗಲ, 192 ಚುಕ್ಕೆ ಎತ್ತರ. ಅಕ್ಷರ ಮೂಡುವುದು ಎಂಟಕ್ಕೆಂಟು ಚುಕ್ಕೆಯ ಚೌಕಗಳಲ್ಲಿ, ಅಂದರೆ ಒಂದು ಸಾಲಿಗೆ 32 ಚೌಕ, ಒಟ್ಟು 24 ಸಾಲು. ಇಂಗ್ಲಿಷಿಗೆ ಧಾರಾಳ. ‘ಚನ್ನೆಮಣೆ’ ಎಂದು ಬರೆಯಹೋದರೆ ಮೊದಲ ‘ನ್ನೆ’ಯಲ್ಲೇ ಎಡವಟ್ಟು: ಏತ್ವ ಮೇಲಿನ ಚೌಕಕ್ಕೆ ಏರುತ್ತದೆ, ಒತ್ತು ಕೆಳಗಿನದಕ್ಕೆ ಇಳಿಯುತ್ತದೆ. ಅಕ್ಷರ ಜೋಡಿಸಿಕೊಡುವ ವ್ಯವಸ್ಥೆ ಆ ಪುಟ್ಟ ಲೈಬ್ರರಿಗಳಲ್ಲಿ ಇಲ್ಲ. ಕೊನೆಗೆ ಹುಡುಗ ಗೆರೆಕಾಗದದ ಮೇಲೆ ಒಂದೊಂದು ಅಕ್ಷರವನ್ನೂ ಮೂರು ಚೌಕ ಎತ್ತರಕ್ಕೆ ಚಿತ್ರವಾಗಿ ಬರೆದ. ಪರದೆಗೆ ಎಂಟೇ ಸಾಲು ಹಿಡಿಯಿತು.

ದೀಪಾವಳಿಗೆ ಊರಿಗೆ ಹೋದಾಗ ಅವನ ಅಜ್ಜಿ ಕೆಳಗಿನ ಪರದೆಯ ಏಳೇಳು ಗುಳಿಗಳ ಮೇಲೆ ಬೆರಳಾಡಿಸಿ ಎರಡು ಸುತ್ತು ಆಡಿದರು. ಗೆದ್ದರು ಕೂಡ. “ಎಲ್ಲಾ ಸರಿ, ಬೀಜ ಬಿದ್ದ ಸದ್ದೇ ಕೇಳುವುದಿಲ್ಲವಲ್ಲೋ” ಎಂದರು. ಅವನೀಗ ಅಟ್ಟದಿಂದ ಹಳೆಯ ಮಣೆ ಇಳಿಸಿ, ಮೊಬೈಲ್ ಪಕ್ಕದಲ್ಲಿಟ್ಟುಕೊಂಡು ಬೀಜ ಹಾಕುತ್ತ ಕೂತಿದ್ದಾನೆ.