ಪದ ಪರಿಚಯ: ಏರ್ ಫಿಲ್ಟರ್

ಕಾರಿನ ವಿಷಯದಲ್ಲಿ ‘ಏರ್ ಫಿಲ್ಟರ್’ ಎಂಬ ಪದ ಎರಡು ಬೇರೆ ಬೇರೆ ವಸ್ತುಗಳಿಗೆ ಸಲ್ಲುತ್ತದೆ. ಬಾನೆಟ್ಟಿನ ಅಡಿಯಲ್ಲಿ ಕಪ್ಪು ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಕುಳಿತು ಎಂಜಿನ್ ಎಳೆದುಕೊಳ್ಳುವ ಗಾಳಿಯನ್ನು ಸೋಸುವುದು ಒಂದು. ಸಾಮಾನ್ಯವಾಗಿ ಡ್ಯಾಶ್‌ಬೋರ್ಡಿನ ಹಿಂದಿದ್ದು ಪ್ರಯಾಣಿಕರ ಕಡೆಗೆ ಬರುವ ಎ.ಸಿ. ಗಾಳಿಯನ್ನು ಸೋಸುವುದು ಇನ್ನೊಂದು. ಎರಡನೆಯದಕ್ಕೆ ಕ್ಯಾಬಿನ್ ಫಿಲ್ಟರ್ ಅಥವಾ ಎ.ಸಿ. ಫಿಲ್ಟರ್ ಎಂಬ ಹೆಸರಿದೆ. ಸರ್ವಿಸ್ ಬಿಲ್ಲಿನಲ್ಲಿ ಬರೀ ‘ಫಿಲ್ಟರ್ ಬದಲಾವಣೆ’ ಎಂದಿದ್ದರೆ ಯಾವುದನ್ನು ಬದಲಿಸಿದರೆಂದು ಕೇಳಿ ತಿಳಿದುಕೊಳ್ಳಬೇಕು. ಇಲ್ಲಿನ ವಿವರಣೆ ಮೊದಲನೆಯದನ್ನು ಕುರಿತದ್ದು.

ಪಠ್ಯಪುಸ್ತಕದ ಕನ್ನಡದಲ್ಲಿ ಇದನ್ನು ‘ವಾಯುಶೋಧಕ’ ಎನ್ನಬಹುದು. ‘ಶೋಧಿಸು’ ಎಂಬುದಕ್ಕೆ ಹುಡುಕು ಎಂಬ ಅರ್ಥವಿರುವಂತೆಯೇ ಸೋಸು ಎಂಬ ಅರ್ಥವೂ ಇದೆ. ಹಾಲನ್ನು ಬಟ್ಟೆಯಲ್ಲಿ ಶೋಧಿಸುವುದು ಮನೆಮಾತೇ. ಗ್ಯಾರೇಜಿನಲ್ಲಿ ಮಾತ್ರ ಏರ್ ಫಿಲ್ಟರ್ ಅಥವಾ ಏರ್ ಕ್ಲೀನರ್ ಎಂದರಷ್ಟೇ ಕೆಲಸ ಸಾಗುತ್ತದೆ.

ಎಂಜಿನ್ನಿಗೆ ಬೇಕಾಗುವ ಗಾಳಿಯ ಪ್ರಮಾಣ ಎಷ್ಟೆಂಬುದು ಹೆಚ್ಚಿನ ಚಾಲಕರ ಅಂದಾಜಿಗೆ ಬಂದಿರುವುದಿಲ್ಲ. ಪೆಟ್ರೋಲ್ ಪೂರ್ತಿಯಾಗಿ ಉರಿಯಲು ಅದರ ತೂಕದ ಸುಮಾರು 14.7 ಪಟ್ಟು ಗಾಳಿ ಬೇಕು. ಲೆಕ್ಕ ಹಾಕಿದರೆ ಒಂದು ಲೀಟರ್ ಪೆಟ್ರೋಲಿಗೆ ಹತ್ತಿರ ಹತ್ತಿರ 9,000 ಲೀಟರ್ ಗಾಳಿ. ಲೀಟರಿಗೆ 15 ಕಿ.ಮೀ. ಕೊಡುವ ಕಾರು ಬೆಂಗಳೂರಿನಿಂದ ಮೈಸೂರು ಮುಟ್ಟುವಷ್ಟರಲ್ಲಿ, ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಮೂರು ಕೋಣೆಗಳನ್ನು ತುಂಬುವಷ್ಟು ಗಾಳಿಯನ್ನು ಒಳಗೆಳೆದು ಹೊರಗೆ ಬಿಟ್ಟಿರುತ್ತದೆ. ಆ ಗಾಳಿಯೊಂದಿಗೆ ಬರುವ ಧೂಳಿನಲ್ಲಿ ಬಹುಪಾಲು ಸಿಲಿಕಾ, ಅಂದರೆ ಮರಳಿನ ನುಣುಪು ಪುಡಿ, ಇರುತ್ತದೆ. ಅದು ಉಕ್ಕನ್ನೂ ಗೀರಬಲ್ಲಷ್ಟು ಗಟ್ಟಿ. ಸಿಲಿಂಡರಿನೊಳಗೆ ಹಿಂದೆ ಮುಂದೆ ಓಡಾಡುವ ಪಿಸ್ಟನ್ನಿನ ಸುತ್ತಲಿನ ರಿಂಗಿಗೂ ಸಿಲಿಂಡರ್ ಗೋಡೆಗೂ ನಡುವೆ ಇರುವ ಎಣ್ಣೆಯ ಪದರ ಕೂದಲೆಳೆಗಿಂತ ಎಷ್ಟೋ ತೆಳು, ಆದ್ದರಿಂದ ಕಣ್ಣಿಗೆ ಕಾಣದ ಕಣವೂ ಅಲ್ಲಿ ಅರದಂತೆ ಉಜ್ಜುತ್ತದೆ. ಸಿಲಿಂಡರ್ ಸವೆದರೆ ಎಂಜಿನ್ ಆಯಿಲ್ ಕುಡಿಯತೊಡಗುತ್ತದೆ, ಎಳೆತ ಕುಗ್ಗುತ್ತದೆ.

ಈ ಫಿಲ್ಟರನ್ನು ಜರಡಿಯೆಂದು ಭಾವಿಸುವುದು ಸಹಜವಾದರೂ ತಪ್ಪು. ಜರಡಿ ತನ್ನ ಕಣ್ಣಿಗಿಂತ ದೊಡ್ಡದನ್ನು ಮಾತ್ರ ತಡೆಯುತ್ತದೆ. ಮಡಿಕೆ ಮಡಿಕೆಯಾಗಿ ಜೋಡಿಸಿದ ಈ ಕಾಗದವಾದರೋ ತನ್ನ ರಂಧ್ರಗಳಿಗಿಂತ ಸಣ್ಣ ಕಣಗಳನ್ನೂ ಹಿಡಿಯುತ್ತದೆ. ಗಾಳಿ ನಾರುಗಳ ನಡುವೆ ಸುತ್ತಿ ಬಳಸಿ ಹೋಗುವಾಗ ಭಾರದ ಕಣಗಳು ತಿರುವಿನಲ್ಲಿ ಹೊರಳಲಾರದೆ ನಾರಿಗೆ ಬಡಿದು ಅಂಟಿಕೊಳ್ಳುತ್ತವೆ, ತೀರ ಹಗುರವಾದವು ಅಲ್ಲಿ ಇಲ್ಲಿ ಅಲೆದು ಕೊನೆಗೆ ಯಾವುದಾದರೂ ನಾರಿಗೆ ತಗಲುತ್ತವೆ. ಹೀಗೆ ಕೂತ ಧೂಳಿನ ಮೇಲೆ ಮತ್ತಷ್ಟು ಧೂಳು ಕೂರುವುದರಿಂದ, ಸ್ವಲ್ಪ ಕೊಳೆಯಾದ ಫಿಲ್ಟರ್ ಹೊಚ್ಚ ಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ. ಬೂದು ಬಣ್ಣಕ್ಕೆ ತಿರುಗಿದ ಫಿಲ್ಟರನ್ನು ತೋರಿಸಿ ‘ನೋಡಿ ಸಾರ್, ಪೂರ್ತಿ ಹೋಗಿದೆ’ ಎಂದೊಡನೆ ಹೌದೆನ್ನಬೇಕಾಗಿಲ್ಲ ಎಂಬ ಮಾತಿಗೆ ಇದೇ ಆಧಾರ.

ಫಿಲ್ಟರ್ ಕಟ್ಟಿಕೊಂಡರೆ ಮೈಲೇಜ್ ಬೀಳುತ್ತದೆಂಬ ಮಾತು ಕಾರ್ಬುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುತ್ತಿದ್ದ ಹಳೆಯ ಸಾಧನ) ಕಾಲದ ಗಾಡಿಗಳಿಗೆ ಹೊಂದುತ್ತಿತ್ತು. ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ, ಕಂಪ್ಯೂಟರ್ ನಿಯಂತ್ರಿತ ಇಂಧನ ಇಂಜೆಕ್ಷನ್ ಇರುವ ಕಾರುಗಳಲ್ಲಿ ಕಟ್ಟಿಕೊಂಡ ಫಿಲ್ಟರಿನಿಂದ ಮೈಲೇಜಿಗೆ ಗಣನೀಯ ಪೆಟ್ಟು ಬೀಳಲಿಲ್ಲ, ವೇಗ ಏರಲು ಹಿಡಿಯುವ ಸಮಯ ಮಾತ್ರ ಹೆಚ್ಚಾಯಿತು. ಬರುವ ಗಾಳಿಯನ್ನು ನೋಡಿಕೊಂಡು ಕಂಪ್ಯೂಟರ್ ಪೆಟ್ರೋಲನ್ನೂ ಕಡಿಮೆ ಮಾಡುವುದೇ ಇದಕ್ಕೆ ಕಾರಣ. ನಮ್ಮವರು ‘ಪಿಕಪ್ ಇಲ್ಲ’ ಎನ್ನುವುದು ಈ ಲಕ್ಷಣವನ್ನೇ.

ಪರೀಕ್ಷಿಸಲು ಮೆಕ್ಯಾನಿಕ್ಕೇ ಬೇಕೆಂದೇನಿಲ್ಲ. ಎಂಜಿನ್ ನಿಲ್ಲಿಸಿ, ಅದು ತಣ್ಣಗಾದ ಮೇಲೆ ಪೆಟ್ಟಿಗೆಯ ಕ್ಲಿಪ್ಪುಗಳನ್ನು (ಕೆಲವು ಕಾರುಗಳಲ್ಲಿ ಸ್ಕ್ರೂಗಳನ್ನು) ಬಿಡಿಸಿ, ಯಾವ ಮಗ್ಗುಲು ಮೇಲಿತ್ತೆಂದು ಗಮನಿಸಿಕೊಂಡು ಫಿಲ್ಟರನ್ನು ಹೊರತೆಗೆಯಬೇಕು. ಬಿಸಿಲಿಗೆ ಹಿಡಿದಾಗ ಮಡಿಕೆಗಳ ನಡುವೆ ಬೆಳಕು ತಕ್ಕಮಟ್ಟಿಗೆ ಸಮನಾಗಿ ಕಂಡರೆ ಇನ್ನೂ ಓಡಿಸಬಹುದು. ಆದರೆ ದಪ್ಪ ಕಾಗದದ ಕೆಲವು ಫಿಲ್ಟರುಗಳಲ್ಲಿ ಹೊಸತರಲ್ಲೂ ಬೆಳಕು ಹೆಚ್ಚು ದಾಟುವುದಿಲ್ಲವಾದ್ದರಿಂದ ಇದೊಂದನ್ನೇ ನಂಬುವಂತಿಲ್ಲ. ನನ್ನ ಮಟ್ಟಿಗೆ ಇದಕ್ಕಿಂತ ಮುಖ್ಯವಾದದ್ದು ಎಂಜಿನ್ ಕಡೆಯ ಮಗ್ಗುಲು. ಅಲ್ಲಿ, ಇಲ್ಲವೇ ಎಂಜಿನ್ನಿಗೆ ಹೋಗುವ ಕೊಳವೆಯ ಒಳಗೋಡೆಯ ಮೇಲೆ, ಧೂಳಿನ ಗೆರೆ ಕಂಡರೆ ರಬ್ಬರ್ ಅಂಚು ಸರಿಯಾಗಿ ಕೂತಿಲ್ಲ ಅಥವಾ ಕಾಗದ ಹರಿದಿದೆ ಎಂದರ್ಥ, ಮತ್ತು ಆ ಫಿಲ್ಟರ್ ಎಷ್ಟೇ ಬೆಳ್ಳಗಿದ್ದರೂ ಅದರಿಂದ ಪ್ರಯೋಜನವಿಲ್ಲ. ಒದ್ದೆಯಾದದ್ದು, ಎಣ್ಣೆ ಹೀರಿದ್ದು, ಇಲಿ ಕಡಿದದ್ದು ಕೂಡ ಉಳಿಸಿಕೊಳ್ಳಲು ತಕ್ಕದ್ದಲ್ಲ. ನೀರು ನಿಂತ ರಸ್ತೆ ದಾಟಿ ಬಂದ ಮೇಲೆ ಫಿಲ್ಟರ್ ತೊಯ್ದಿರುವುದು ಕಂಡರೆ ಎಂಜಿನ್ ಚಾಲೂ ಮಾಡಲೇಬಾರದು. ಸಿಲಿಂಡರಿಗೆ ನೀರು ಹೊಕ್ಕಿದ್ದರೆ ಪಿಸ್ಟನ್ನನ್ನು ಕ್ರ್ಯಾಂಕ್ ದಂಡಕ್ಕೆ ಜೋಡಿಸುವ ಕನೆಕ್ಟಿಂಗ್ ರಾಡ್ ಬಗ್ಗಿಹೋಗಬಹುದು.

ಗಾಳಿ ಹೊಡೆಸುವ ವಾಡಿಕೆಯ ಬಗ್ಗೆ ಒಂದು ಮಾತು. ಕಾರಿನ ಕೈಪಿಡಿ ಅದಕ್ಕೆ ಒಪ್ಪಿದ್ದರೆ, ಕಡಿಮೆ ಒತ್ತಡದ ಗಾಳಿಯನ್ನು ಸ್ವಚ್ಛ ಮಗ್ಗುಲಿನಿಂದ ಕೊಳೆ ಮಗ್ಗುಲಿನತ್ತ, ಸ್ವಲ್ಪ ದೂರದಿಂದ ಬಿಡಬೇಕು. ಪಂಕ್ಚರ್ ಅಂಗಡಿಯ ಕಂಪ್ರೆಸರಿನ ಬಾಯಿಯನ್ನು ಕಾಗದಕ್ಕೆ ತಾಗಿಸಿ ಊದಿಸಿದರೆ ಕಣ್ಣಿಗೆ ಕಾಣದ ತೂತುಗಳು ಬೀಳುತ್ತವೆ. ಕಾಗದದ ಫಿಲ್ಟರನ್ನು ನೀರಿನಲ್ಲಿ ತೊಳೆಯುವುದಂತೂ ಸಲ್ಲದು.

ಬದಲಿಸುವ ಅವಧಿ ಕಾರಿನಿಂದ ಕಾರಿಗೆ ಬೇರೆ. ಸಾಮಾನ್ಯವಾಗಿ 20,000ದಿಂದ 40,000 ಕಿ.ಮೀ. ನಡುವೆ ಎನ್ನಬಹುದು, ಧೂಳಿನ ರಸ್ತೆಯಾದರೆ ಅದಕ್ಕೂ ಮೊದಲು. ಸಂಡೂರು, ಹೊಸಪೇಟೆ ಕಡೆ ಅದಿರು ಲಾರಿಗಳ ಹಿಂದೆ ದಿನವೂ ಓಡುವ ಕಾರಿಗೂ ನಗರದ ಡಾಂಬರು ರಸ್ತೆಯಲ್ಲಷ್ಟೇ ಓಡುವ ಕಾರಿಗೂ ಒಂದೇ ಲೆಕ್ಕ ಹೊಂದುವುದಿಲ್ಲ. ಹೊಸದನ್ನು ಕೂರಿಸುವ ಮುನ್ನ ಪೆಟ್ಟಿಗೆಯ ತಳದ ತರಗೆಲೆ, ಮಣ್ಣನ್ನು ಒದ್ದೆ ಬಟ್ಟೆಯಿಂದ, ಎಂಜಿನ್ ಕಡೆಯ ಕೊಳವೆಯೊಳಗೆ ಉದುರದಂತೆ ಒರೆಸಿ ತೆಗೆಯಬೇಕು. ರಬ್ಬರ್ ಅಂಚು ಸುತ್ತಲೂ ಪೆಟ್ಟಿಗೆಯ ತೋಡಿನಲ್ಲಿ ಕೂತಿದೆಯೆಂದು ಬೆರಳಾಡಿಸಿ ನೋಡಿ, ಎಲ್ಲ ಕ್ಲಿಪ್ಪುಗಳನ್ನೂ ಹಾಕಬೇಕು. ಅಂಚಿನ ಮೇಲೆ ದಿನಾಂಕವನ್ನೂ ಅಂದಿನ ಕಿ.ಮೀ. ಓದನ್ನೂ ಪೆನ್ನಿನಲ್ಲಿ ಬರೆದಿಟ್ಟರೆ, ಮುಂದಿನ ಸಲ ಪೆಟ್ಟಿಗೆ ತೆರೆದವರು ಬಣ್ಣ ನೋಡಿ ಊಹಿಸಬೇಕಾಗುವುದಿಲ್ಲ.